ಬೆರಳಿಗೆ ಚುಚ್ಚದ ಪಿನ್ನು

ಹಳೆಯ ಕಾರುಗಳ ಮುಂದಿನ ಸಸ್ಪೆನ್ಷನ್ ಬಿಚ್ಚಿ ಕೂಡಿಸುವುದರಲ್ಲಿ ನಮ್ಮಪ್ಪ ಎತ್ತಿದ ಕೈ. ಊರು ಅವನನ್ನು ಹಾಗೆ ನೆನಪಿಟ್ಟುಕೊಂಡಿಲ್ಲ. "ಪಿನ್ನು ಹಾಕೋಕೆ ಮರೆತವನು" ಎಂದು ಇಟ್ಟುಕೊಂಡಿದೆ. ಇಪ್ಪತ್ತು ವರ್ಷ ಸಾವಿರಾರು ಪಿನ್ನು ಹಾಕಿದರೂ ಜನಕ್ಕೆ ಬೇಕಾದದ್ದು ಹಾಕದ ಆ ಒಂದೇ ಪಿನ್ನು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ಅಪ್ಪನ ಮಾನ ಅಡಿಕೆಗೂ ಅಲ್ಲ, ಎರಡಿಂಚಿನ ತಂತಿಗೆ ಹೋಯಿತು.

ಗ್ಯಾರೇಜು ಅಪ್ಪ, ಚಿಕ್ಕಪ್ಪ ಇಬ್ಬರದು. ತಗಡಿನ ಮಾಡು, ಎರಡು ಕಾರು ಒತ್ತೊತ್ತಾಗಿ ನಿಲ್ಲುವಷ್ಟು ಜಾಗ, ಹಿಂದುಗಡೆ ಸಾಮಾನು ತೊಳೆಯಲು ಉದ್ದಕ್ಕೆ ಸೀಳಿದ ಒಂದು ಡ್ರಮ್ಮು. ಚಕ್ರವನ್ನು ಹಿಡಿದಿಡುವ ಮೇಲಿನ ತೋಳು, ಕೆಳಗಿನ ತೋಳು, ಎರಡರ ನಡುವೆ ಅಮುಕಿ ಕೂರಿಸಿದ ದಪ್ಪ ಸ್ಪ್ರಿಂಗು, ಇವು ಎಡಕ್ಕೊಂದು ಜೊತೆ, ಬಲಕ್ಕೊಂದು ಜೊತೆ ಇರುತ್ತವೆ. ಎಡ ಅಪ್ಪನದು, ಬಲ ಚಿಕ್ಕಪ್ಪನದು. ಹಾಗೆ ಯಾವಾಗ ಹಂಚಿಕೊಂಡರೋ ಗೊತ್ತಿಲ್ಲ, ಒಬ್ಬರ ಕಡೆಗೆ ಇನ್ನೊಬ್ಬರು ಕೈ ಹಾಕುತ್ತಿರಲಿಲ್ಲ. ಗಿರಾಕಿಗಳಿಗೂ ಅದು ಗೊತ್ತಿತ್ತು. ಬಲಗಡೆ ಕಿರುಗುಟ್ಟಿದರೆ ಬಂದವರೇ "ಚಿಕ್ಕವರನ್ನ ಕರೀರಿ" ಅನ್ನುತ್ತಿದ್ದರು.

ಡ್ರಮ್ಮಿನ ಪಕ್ಕ ಅಮ್ಮ ಕೂರುತ್ತಿದ್ದಳು. ಬಿಚ್ಚುವ ಮೊದಲು ಗ್ರೀಸು, ಕೆಸರು ಕೆರೆದು ತೆಗೆಯುವುದು, ಬಿಚ್ಚಿದ ಮೇಲೆ ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ಉಜ್ಜುವುದು ಅವಳ ಕೆಲಸ. ತೋಳಿನ ತುದಿಯ ಬೋಲ್ಟಿಗೆ ಹಾಕುವ ನಟ್ಟು ಹಲ್ಲುಹಲ್ಲಾಗಿರುತ್ತದೆ. ಆ ಹಲ್ಲಿನ ಸಂದಿಯಿಂದ ಬೋಲ್ಟಿನ ತೂತಿಗೆ ಎರಡು ಕಾಲಿನ ಪಿನ್ನು ತೂರಿಸಿ ಕಾಲು ಬಗ್ಗಿಸಿಬಿಟ್ಟರೆ ನಟ್ಟು ತಿರುಗಿ ಕಳಚುವುದಿಲ್ಲ. ಚಿಕ್ಕಪ್ಪ ಆ ಕಾಲುಗಳನ್ನು ಆಚೆಗೊಂದು ಈಚೆಗೊಂದು ಮೀಸೆಯ ಹಾಗೆ ಬಿಡುತ್ತಿದ್ದ. ಎಲ್ಲರೂ ಬಿಡುವುದು ಹಾಗೆಯೇ. ಒಂದು ಸಲ ಆ ಮೀಸೆ ಅಮ್ಮನ ಬೆರಳನ್ನು ಉದ್ದಕ್ಕೆ ಗೀರಿತು, ಗಾಯ ಕೀವಾಗಿ ತಿಂಗಳುಗಟ್ಟಲೆ ಕೈ ಊದಿಕೊಂಡಿತು. ಅವತ್ತಿನಿಂದ ಅಪ್ಪ ಒಂದು ಕಾಲನ್ನು ಮೋಟಾಗಿ ಕತ್ತರಿಸಿ, ಇನ್ನೊಂದನ್ನು ಬೋಲ್ಟಿನ ತುದಿಯ ಮೇಲೆ ಮಡಿಚಿ, ಮೊನೆಯನ್ನು ಒಳಕ್ಕೆ ಸುರುಳಿ ಸುತ್ತಿ, ಸುತ್ತಿಗೆಯಲ್ಲಿ ತಟ್ಟಿ ಕೂರಿಸತೊಡಗಿದ.

"ಬಿಚ್ಚೋನಿಗೆ ಎಷ್ಟು ತಾಪತ್ರಯ ಗೊತ್ತಾ ಅಣ್ಣ?" ಎಂದು ಚಿಕ್ಕಪ್ಪ ಗೊಣಗುತ್ತಿದ್ದ.

"ಬಿಚ್ಚೋನಿಗೆ ಒಂದು ನಿಮಿಷ ಜಾಸ್ತಿ. ತೊಳೆಯೋಳಿಗೆ ಬೆರಳು ಉಳಿಯುತ್ತೆ" ಅನ್ನುತ್ತಿದ್ದ ಅಪ್ಪ. ಅಮ್ಮನಿಗೆ ಅವನು ಕೊಟ್ಟ ಉಡುಗೊರೆ ಅಂತ ನಾನು ಕಂಡದ್ದು ಇದೊಂದೇ.

ನನಗೆ ಒಂಬತ್ತು ವರ್ಷವಾಗಿದ್ದಾಗ ಡಾಕ್ಟರ ಕಾರು ಮಗುಚಿತು. ಆ ಕಾಲಕ್ಕೇ ಹಳೆಯದು ಅನ್ನಿಸಿಕೊಂಡಿದ್ದ, ದುಂಡು ಮೂತಿಯ ಹಸಿರು ಕಾರು. ನಮ್ಮಲ್ಲಿ ಸಸ್ಪೆನ್ಷನ್ ಕೆಲಸ ಮುಗಿಸಿಕೊಂಡು ಹೋಗಿ ಎಂಟು ದಿನವಾಗಿತ್ತು. ತಿರುವಿನಲ್ಲಿ ಎಡ ಚಕ್ರ ಒಳಕ್ಕೆ ಮಡಿಚಿಕೊಂಡಿತು. ಡಾಕ್ಟರ ಹೆಂಡತಿಯ ಸೊಂಟ ಮುರಿಯಿತು, ಆಮೇಲೆ ಆಕೆ ಕೋಲಿಲ್ಲದೆ ನಡೆಯಲಿಲ್ಲ. ನೋಡಿದರೆ ಎಡಗಡೆ ಕೆಳತೋಳಿನ ಬೋಲ್ಟಿನಲ್ಲಿ ನಟ್ಟಿರಲಿಲ್ಲ. ತೂತಿನಲ್ಲಿ ಪಿನ್ನು ಮುರಿದ ಚೂರೂ ಇರಲಿಲ್ಲ. ಅಂದರೆ ಪಿನ್ನು ಹಾಕಿಯೇ ಇಲ್ಲ. ಎಡಗಡೆ ಯಾರದು ಎಂದು ಯಾರೂ ಕೇಳಬೇಕಾಗಿರಲಿಲ್ಲ.

ಅಪ್ಪ ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಸುಮ್ಮನಿದ್ದವನದೇ ತಪ್ಪು ಎಂದು ಲೋಕ ತೀರ್ಮಾನಿಸಿತು. ಐದು ದಿನಕ್ಕೆ ಚಿಕ್ಕಪ್ಪನ ಮದುವೆ. ಅಪ್ಪ ಮದುವೆಯ ಊಟದಲ್ಲಿ ನಿಂತು ನೀರು ಬಡಿಸಿದ್ದು ನನಗೆ ನೆನಪಿದೆ. ಅದಾದ ಮೇಲೆ ಅವನು ಗ್ಯಾರೇಜಿಗೆ ಕಾಲಿಡಲಿಲ್ಲ. ಪೆಟ್ರೋಲ್ ಬಂಕಿನಲ್ಲಿ ಕಂಡವರ ಟೈರಿಗೆ ಗಾಳಿ ತುಂಬುವ ಕೆಲಸಕ್ಕೆ ಸೇರಿದ, ಇಪ್ಪತ್ತಮೂರು ವರ್ಷ ಅದನ್ನೇ ಮಾಡಿದ.

ಅಮ್ಮ ಅವನನ್ನು ಬಿಡಲಿಲ್ಲ. ಅನ್ನ ಸೀದರೂ, ನಲ್ಲಿ ಸೋರಿದರೂ, ನಾನು ಪರೀಕ್ಷೆಯಲ್ಲಿ ನಪಾಸಾದರೂ ಮಾತು ಸುತ್ತಿ ಬಳಸಿ ಪಿನ್ನಿಗೇ ಬರುತ್ತಿತ್ತು. ಕೊನೆಯ ವರ್ಷ ಅಪ್ಪನ ಕೈ ನಡುಗುತ್ತಿತ್ತು. ಒಂದು ದಿನ ಅಂಗಿಯ ಗುಂಡಿ ಹಾಕಿಕೊಳ್ಳಲು ಆಗದೆ ಬಾಗಿಲಲ್ಲಿ ನಿಂತಿದ್ದ. "ಪಿನ್ನಂತೂ ಹಾಕಲಿಲ್ಲ, ಗುಂಡಿಯಾದ್ರೂ ಹಾಕ್ಕೋಬಾರದಾ?" ಅಂದಳು ಅಮ್ಮ. ಅಪ್ಪ ನಕ್ಕ. ನಾನೇ ಹೋಗಿ ಗುಂಡಿ ಹಾಕಿದೆ. ನಾನೂ ಅವನ ಪರ ಒಂದು ಮಾತು ಆಡಲಿಲ್ಲ, ಯಾಕೆಂದರೆ ತಪ್ಪು ಅವನದೇ ಎಂದು ನಾನೂ ನಂಬಿದ್ದೆ.

ಅಪ್ಪ ತೀರಿಕೊಂಡ ವರ್ಷವೇ ಚಿಕ್ಕಪ್ಪ ನನ್ನನ್ನು ಗ್ಯಾರೇಜಿಗೆ ಕರೆದ. "ನಿನಗೆ ಕೈಗುಣ ಇದೆ ಪುಟ್ಟಿ, ಬಟ್ಟೆ ಅಂಗಡೀಲಿ ಯಾಕೆ ಕೊಳೀತೀಯ?" ಅಂದ. ನಾನು ಶಾಲೆಗೆ ಹೋಗುತ್ತಿದ್ದಾಗ ಪುಸ್ತಕ ತಂದುಕೊಡುತ್ತಿದ್ದವನೂ ಅವನೇ. ಅಪ್ಪನನ್ನು 'ನೀನು' ಅನ್ನುತ್ತಿದ್ದೆ, ಚಿಕ್ಕಪ್ಪನನ್ನು 'ನೀವು' ಅನ್ನುತ್ತಿದ್ದೆ. ಅನ್ನಕ್ಕೆ ದಾರಿ ಮಾಡಿಕೊಟ್ಟವರಿಗೆ ಬಹುವಚನ ತಾನಾಗಿ ಬರುತ್ತದೆ. ಬರೆಯುವಾಗ ಮಾತ್ರ ಅದು ನನ್ನ ಕೈಯಿಂದ ಬರುತ್ತಿಲ್ಲ. ಎಂಟು ವರ್ಷ ಅವನ ಹತ್ತಿರ ಕೆಲಸ ಕಲಿತೆ, ಅಮ್ಮನ ಡ್ರಮ್ಮಿನಲ್ಲೇ ಸಾಮಾನು ತೊಳೆದೆ, ಅವನ ಮೀಸೆ ಪಿನ್ನುಗಳಿಂದ ಬೆರಳೆಲ್ಲ ಗೀರಿಸಿಕೊಂಡೆ.

ಹೋದ ತಿಂಗಳು ಆ ಹಸಿರು ಕಾರು ಲಾರಿಯ ಮೇಲೆ ಕೂತು ಬಂತು. ಡಾಕ್ಟರ ಮಗನಿಗೆ ಈಗ ಹಳೆ ಕಾರಿನ ಹುಚ್ಚು. ಅಪಘಾತವಾದ ಮೇಲೆ ಎಡಗಡೆಯನ್ನಷ್ಟೇ ಬೇರೆ ಯಾರೋ ಸರಿಮಾಡಿದ್ದರಂತೆ. ಆದರೆ ಹತ್ತಲು ಆತನ ತಾಯಿ ಒಪ್ಪಲಿಲ್ಲ, ಕಾರು ಮೂವತ್ತೊಂದು ವರ್ಷ ಮುಸುಕು ಹೊದ್ದು ಮನೆಯಲ್ಲೇ ನಿಂತಿತ್ತು. ಕಾರು ಇಳಿಯುವುದನ್ನು ನೋಡಿ ಚಿಕ್ಕಪ್ಪ ಟೈರಿನ ರಾಶಿಯ ಮೇಲೆ ಕೂತುಬಿಟ್ಟ. ಹಳೆಯದು ನೆನಪಾಯಿತೇನೋ ಎಂದು ನಾನು ನೀರು ತಂದುಕೊಟ್ಟೆ.

"ಎಡಗಡೆ ನೀನು ಬಿಚ್ಚು. ಬಲಗಡೆ ಮುಟ್ಟಬೇಡ, ಅದು ನಂದು" ಅಂದ.

ಮಂಡಿ ಬಗ್ಗದ ಮನುಷ್ಯ. ಎರಡು ವರ್ಷದಿಂದ ಕಾರಿನ ಪಕ್ಕ ಕೂತಿದ್ದನ್ನೇ ನಾನು ಕಂಡಿಲ್ಲ. ನಾನು ಎಡಗಡೆಯನ್ನು ಎರಡು ದಿನದಲ್ಲಿ ಬಿಚ್ಚಿ, ತೊಳೆದು, ಬಟ್ಟೆಯ ಮೇಲೆ ಸಾಲಾಗಿ ಇಟ್ಟೆ. ಬಲಗಡೆ ಹಾಗೇ ಇತ್ತು. ಇವತ್ತು ನಾಳೆ ಅನ್ನುತ್ತ ಅವನು ನಾಲ್ಕು ದಿನ ತಳ್ಳಿದ. ಐದನೆಯ ದಿನ ಬೆಳಿಗ್ಗೆ ತೋಳಿನ ಬುಡಕ್ಕೆ ಕೂರಿಸುವ ಬುಷ್ ತರಲು ಅವನು ಲೇತ್ ಅಂಗಡಿಗೆ ಹೋದಾಗ, ಪಾಪ ಮುದುಕನಿಗೆ ಯಾಕೆ ಕಷ್ಟ ಎಂದು ನಾನೇ ಬಲಗಡೆ ಜಾಕ್ ಕೊಟ್ಟೆ.

ಚಕ್ರ ತೆಗೆದರೆ ಒಳಗೆ ಬರೀ ಕಪ್ಪು ಗ್ರೀಸು, ಮೂವತ್ತೊಂದು ವರ್ಷ ಒಣಗಿ ಬೆಲ್ಲದ ಹಾಗೆ ಗಟ್ಟಿಯಾಗಿತ್ತು. ನೇರ ಸೀಮೆಎಣ್ಣೆ ಸುರಿದು ಉಜ್ಜಬಹುದಿತ್ತು. ಆದರೆ ನಾನು ಚಿಕ್ಕವಳಿದ್ದಾಗ ಸೈಕಲ್ ಚಕ್ರದ ನಡುವಿನ ಹಬ್ಬು ಬಿಚ್ಚುತ್ತ ಅಪ್ಪ ಒಂದು ಮಾತು ಹೇಳಿದ್ದ: "ತೊಳೆಯೋಕೆ ಮುಂಚೆ ಕೊಳೇನ ಓದು. ತೊಳೆದ ಮೇಲೆ ಅದು ಏನೂ ಹೇಳಲ್ಲ." ಸ್ಪ್ರಿಂಗಿಗೆ ಕ್ಲಾಂಪು ಹಾಕಿ ಅಮುಕಿ ಭದ್ರ ಮಾಡಿದೆ. ಮರದ ಚಕ್ಕೆಯಿಂದ ಸ್ವಲ್ಪ ಸ್ವಲ್ಪವೇ ಕೆರೆದೆ. ಕೆಳತೋಳಿನ ನಟ್ಟು ಎಲ್ಲಿದೆ ಎಂದು ಗ್ರೀಸಿನೊಳಗೆ ಬೆರಳು ತೂರಿಸಿದೆ. ಬಲಗಡೆ, ಚಿಕ್ಕಪ್ಪನ ಕಡೆ. ಮೀಸೆ ಚುಚ್ಚುತ್ತದೆ ಎಂದು ಹಲ್ಲು ಕಚ್ಚಿಕೊಂಡೇ ತೂರಿಸಿದ್ದೆ.

ಚುಚ್ಚಲಿಲ್ಲ.

ಬೆರಳನ್ನು ನಟ್ಟಿನ ಸುತ್ತ ಒಂದು ಸುತ್ತು ತಂದೆ. ಎಲ್ಲೂ ಮೊನೆ ಇಲ್ಲ. ಬಟ್ಟೆಯಲ್ಲಿ ಒರೆಸಿ ಟಾರ್ಚು ಬಿಟ್ಟೆ. ಒಂದು ಕಾಲು ಮೋಟು. ಇನ್ನೊಂದು ಬೋಲ್ಟಿನ ಮೇಲೆ ಮಡಿಚಿ, ತುದಿ ಒಳಕ್ಕೆ ಸುತ್ತಿ, ತಟ್ಟಿ ಕೂರಿಸಿದ್ದು. ಮೇಲಿನ ತೋಳನ್ನೂ ಕೆರೆದೆ, ಅಲ್ಲೂ ಹಾಗೆಯೇ. ಆ ಕಾರಿನ ಬಲಗಡೆ ಅಪ್ಪ ಮಾಡಿದ್ದು. ಹಾಗಾದರೆ ಎಡಗಡೆ ಮಾಡಿದವರು ಯಾರು?

ಚಿಕ್ಕಪ್ಪ ಬುಷ್ಷಿನ ಪೊಟ್ಟಣ ಹಿಡಿದು ಬಂದಾಗ ನಾನು ಕೆಳಗಿನ ಪಿನ್ನನ್ನು ಹುಷಾರಾಗಿ ಬಿಡಿಸಿ ಅಂಗೈಯಲ್ಲಿ ಇಟ್ಟುಕೊಂಡು ನಿಂತಿದ್ದೆ. ಅವನು ಮೊದಲು ಕಾರು ನೋಡಿದ, ಆಮೇಲೆ ನನ್ನ ಕೈ ನೋಡಿದ.

"ಮುಟ್ಟಬೇಡ ಅಂದಿದ್ದೆ" ಅಂದ.

"ಯಾಕೆ ಅಂದ್ರಿ ಅಂತ ಈಗ ಗೊತ್ತಾಯ್ತು. ಅವತ್ತು ಎಡಗಡೆ ನೀವು ಮಾಡಿದ್ದಾ?"

ಅವನು ಪೊಟ್ಟಣದ ದಾರ ಬಿಚ್ಚತೊಡಗಿದ. "ಅವತ್ತು ಕಾರು ಬಲಗಡೆ ಗೋಡೆಗೆ ಒತ್ತಿ ನಿಂತಿತ್ತು, ಬಗ್ಗೋಕೂ ಜಾಗ ಇರಲಿಲ್ಲ. ಬೋಲ್ಟೂ ತುಕ್ಕು ಹಿಡಿದಿತ್ತು. ನೀನು ಮದುಮಗ, ಸೊಂಟ ಹಿಡ್ಕೊಂಡ್ರೆ ಕಷ್ಟ, ಎಡಕ್ಕೆ ಹೋಗು ಅಂದ ನಿಮ್ಮಪ್ಪ. ಕೊನೇ ಪಿನ್ನು ಹಾಕೋ ಹೊತ್ತಿಗೆ ದರ್ಜಿ ಕಡೆಯವರು ಕರೆಯೋಕೆ ಬಂದ್ರು, ಅಂಗಿ ಅಳತೆಗೆ. ಪಿನ್ನು ಜೇಬಿಗೆ ಹಾಕ್ಕೊಂಡು ಹೋದೆ. ಬಂದು ಹಾಕ್ತೀನಿ ಅಂದ್ಕೊಂಡಿದ್ದೆ."

"ಬಂದ್ರಾ?"

"ಮರೆತೆ."

"ಅಪ್ಪ ಯಾಕೆ ಬಾಯಿ ಬಿಡಲಿಲ್ಲ?"

"ಮದುವೆ ಮುರಿದು ಬೀಳುತ್ತೆ, ಅದೊಂದು ಮುಗೀಲಿ, ಆಮೇಲೆ ನೀನೇ ಹೇಳು ಅಂದ. ನಿಮ್ಮಮ್ಮನಿಗೂ ಹೇಳಬೇಡ, ಅವಳ ಬಾಯಲ್ಲಿ ಮಾತು ನಿಲ್ಲಲ್ಲ ಅಂದ."

"ಮದುವೆ ಮುಗಿದು ಮೂವತ್ತೊಂದು ವರ್ಷ ಆಯ್ತಲ್ಲ ಚಿಕ್ಕಪ್ಪ."

ಅವನು ತಲೆ ಎತ್ತಲಿಲ್ಲ. "ಒಂದು ಸಲ ಕೇಳಿದ. ನಿಮ್ಮ ಚಿಕ್ಕಮ್ಮ ಬಸುರಿ ಆಗಿದ್ಲು. ಹೆರಿಗೆ ಆಗಲಿ ಅಣ್ಣ ಅಂದೆ. ಆಮೇಲೆ ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ."

ಕೈಯಲ್ಲಿ ಸ್ಪ್ಯಾನರಿತ್ತು. ಎಸೆದುಬಿಡುವಷ್ಟು ಸಿಟ್ಟು ಬಂತು. ಶಾಲೆಯ ಪುಸ್ತಕ, ಈ ಕೆಲಸ, ಪುಟ್ಟಿ ಎಂದು ಕರೆದದ್ದು, ಎಲ್ಲವೂ ಆ ಪಿನ್ನಿನ ಬಾಬತ್ತು ಎಂದು ಅವತ್ತು ಅರ್ಥವಾಯಿತು. ಅಪ್ಪ ಬಂಕಿನಲ್ಲಿ ಬಗ್ಗಿ ಗಾಳಿ ತುಂಬುತ್ತಿದ್ದಾಗ ಇವನೂ ಎಷ್ಟೋ ಸಲ ಅಲ್ಲಿ ಕಾರು ನಿಲ್ಲಿಸಿದ್ದಾನೆ. ಅಪ್ಪ ಇವನ ಟೈರಿಗೂ ಗಾಳಿ ತುಂಬಿದ್ದಾನೆ.

"ನಡೀರಿ. ಅಮ್ಮನ ಮುಂದೆ ಇದನ್ನೇ ಹೇಳಿ" ಅಂದೆ.

"ನನ್ನ ಕೈಲಿ ಆಗಲ್ಲ. ನೀನೂ ಹೇಳಬೇಡ ಪುಟ್ಟಿ. ನನಗೋಸ್ಕರ ಅಲ್ಲ. ಈಗ ಅದನ್ನ ತಗೊಂಡು ಅತ್ತಿಗೆ ಏನು ಮಾಡ್ತಾರೆ?"

ತನ್ನ ಬುಡಕ್ಕೆ ಬಂದಾಗ ಎಲ್ಲರಿಗೂ ಪರರ ಚಿಂತೆ ಹುಟ್ಟುತ್ತದೆ ಎಂದು ಅವನ ಮುಖಕ್ಕೆ ಹೇಳಿ, ಕೈ ಕೂಡ ತೊಳೆಯದೆ ಮನೆಗೆ ಹೊರಟೆ. ದಾರಿಯುದ್ದಕ್ಕೂ ಒಂದೇ ಯೋಚನೆ. ಇವತ್ತಿನಿಂದ ಅಮ್ಮನ ಬಾಯಲ್ಲಾದರೂ ಅಪ್ಪನ ಹೆಸರು ತೊಳೆದು ಬರುತ್ತದೆ. ಊರು ಹಾಳಾಗಿ ಹೋಗಲಿ, ಅವಳೊಬ್ಬಳಿಗೆ ಗೊತ್ತಾದರೆ ನನಗೆ ಸಾಕಾಗಿತ್ತು.

ಅಮ್ಮ ಕಿಟಕಿಯ ಹತ್ತಿರ ಒಗೆದ ಬಟ್ಟೆ ಮಡಿಚುತ್ತಿದ್ದಳು. ಕಣ್ಣಿಗೆ ಪೊರೆ ಬಂದಿದೆ, ಈಗ ಅವಳಿಗೆ ಕೈಯೇ ಕಣ್ಣು. ನಾನು ಪಿನ್ನನ್ನು ಅವಳ ಬೆರಳುಗಳ ನಡುವೆ ಇಟ್ಟೆ. ತಿರುಗಿಸಿದಳು. ಮೋಟು ಕಾಲನ್ನು ಮುಟ್ಟಿದಳು, ಸುತ್ತಿದ ತುದಿಯನ್ನು ಮುಟ್ಟಿದಳು.

"ನಿಮ್ಮಪ್ಪಂದು" ಅಂದಳು. "ಎಲ್ಲಿ ಸಿಕ್ತೇ?"

"ಡಾಕ್ಟರ ಹಸಿರು ಕಾರಲ್ಲಿ. ಬಲಗಡೆ."

ಅಮ್ಮ ವರ್ಷಗಟ್ಟಲೆ ಆ ಡ್ರಮ್ಮಿನ ಪಕ್ಕ ಕೂತವಳು, ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಆದರೂ ದರ್ಜಿ, ಜೇಬು, ಮದುವೆ, ಹೆರಿಗೆ, ಎಲ್ಲವನ್ನೂ ಹೇಳಿದೆ. ಮೈದುನನಿಗೆ ಶಾಪ ಹಾಕುತ್ತಾಳೆ ಎಂದುಕೊಂಡಿದ್ದೆ. ಅವನ ಹೆಸರನ್ನೂ ಅವಳು ಎತ್ತಲಿಲ್ಲ. ಮಡಿಲಲ್ಲಿದ್ದ ಬಟ್ಟೆಯನ್ನು ಒಂದು ಸಲ ಬಿಚ್ಚಿ ಮತ್ತೆ ಮಡಿಚಿದಳು.

"ಗುಂಡಿ ಹಾಕ್ಕೊಳ್ಳೋಕೆ ಆಗದೆ ನಿಂತಿದ್ದಾಗ್ಲೂ ಅಂದೆನಲ್ಲೇ" ಅಂದಳು. "ಆಗ್ಲೂ ನಕ್ಕರು."

"ನಿನಗೆ ಗೊತ್ತಿರಲಿಲ್ಲ ಅಮ್ಮ."

"ನಿನಗೆ ಈಗ ಗೊತ್ತಾಯ್ತು, ಸರಿ. ನನ್ನ ಹತ್ರ ಯಾಕೆ ತಂದೆ? ಇಷ್ಟು ವರ್ಷ ಬೈದಿದ್ದನ್ನೆಲ್ಲ ಇನ್ನು ನಾನು ಎಲ್ಲಿಡಲಿ?"

ಪಿನ್ನನ್ನು ವಾಪಸು ಕೊಡುತ್ತಾಳೆ ಎಂದು ಕೈ ಚಾಚಿದೆ. ಕೊಡಲಿಲ್ಲ. ಹೆಬ್ಬೆರಳಿನಿಂದ ಅದರ ಸುರುಳಿಯನ್ನು ಮತ್ತೆ ಮತ್ತೆ ಒತ್ತಿ ನೋಡುತ್ತಿದ್ದಳು, ಎಲ್ಲಾದರೂ ಒಂದು ಕಡೆ ಚುಚ್ಚೀತೇನೋ ಎಂದು.