ಹೂ ಆರಿಸಿದ ತೂಕ

ಬೆಳಗ್ಗೆ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಒಲೆ ಹೊತ್ತಿಸುವ ಮೊದಲು ಭುವನೇಶ್ವರಿ ಮನೆಯ ಪಕ್ಕದ ತಗಡಿನ ಶೆಡ್ಡಿಗೆ ಹೋಗುತ್ತಾಳೆ. ಮೂಲೆಯಲ್ಲಿರುವ ಹಳೆಯ ಡೀಸೆಲ್ ಪಂಪಿನ ಗಾಲಿಯನ್ನು ಎರಡೂ ಕೈಯಿಂದ ಹಿಡಿದು ಒಂದು ಸುತ್ತು ತಿರುಗಿಸುತ್ತಾಳೆ. ಗಂಡ ಉದಯಕುಮಾರ ಹೇಳಿಕೊಟ್ಟದ್ದು. ನಿಂತ ಎಂಜಿನ್ನನ್ನು ಆಗಾಗ ತಿರುಗಿಸದಿದ್ದರೆ ಒಳಗೇ ಹಿಡಿದುಬಿಡುತ್ತದಂತೆ. ಅವನನ್ನು ಮಣ್ಣು ಮಾಡಿ ಬಂದ ಮರುದಿನವೂ ಅವಳು ಇದನ್ನು ಬಿಡಲಿಲ್ಲ.

ಉದಯಕುಮಾರ ಮಕ್ತಲ್‌ನವನಾದರೂ ಕೆಲಸ ಕಲಿತದ್ದು ಶಾರ್ಜಾದ ಗ್ಯಾರೇಜಿನಲ್ಲಿ. ಅಲ್ಲಿನ ಹುಡುಗರು ಪಂದ್ಯಕ್ಕೆ ಓಡಿಸುವ ರೋಟರಿ ಎಂಜಿನ್ ಕಾರುಗಳನ್ನು ಬಿಚ್ಚಿ ಕೂಡಿಸುವುದೇ ಅವನ ಕೆಲಸವಾಗಿತ್ತು. ಊರಿಗೆ ಮರಳಿದ ಮೇಲೆ ತಮ್ಮ ಪರಮೇಶನ ಜೊತೆ ಪಂಪು, ಟ್ರ್ಯಾಕ್ಟರು ರಿಪೇರಿ ಅಂತ ದಿನ ತೆಗೆದ. ಶಾರ್ಜಾದಲ್ಲಿ ಕಲಿತ ವಿದ್ಯೆ ಬಳಕೆಗೆ ಬರದೆ ಕೈಯಲ್ಲೇ ಉಳಿಯಿತು.

ಅಂಥದ್ದರಲ್ಲಿ ಗದ್ವಾಲದ ಬೀಜದ ವ್ಯಾಪಾರಿ ಬಾಲರಾಜು ಒಂದು ಕೆಂಪು ಜಪಾನಿ ಕಾರನ್ನು ಲಾರಿಯ ಮೇಲೆ ಹೇರಿಕೊಂಡು ಬಂದ. ಹೈದರಾಬಾದಿನ ಯಾವುದೋ ದೊಡ್ಡ ಮನೆಯ ಹಿತ್ತಲಲ್ಲಿ ಬಿದ್ದಿದ್ದ ರೋಟರಿ ಕಾರು. ಬಿಡಿಭಾಗಕ್ಕೆಂದು ಅದೇ ಕಂಪನಿಯ, ಬೇರೆ ವರ್ಷದ ಇನ್ನೊಂದು ಎಂಜಿನ್ನೂ ಜೊತೆಗಿತ್ತು.

“ಉದಯಣ್ಣ, ಇದು ಕಾರಲ್ಲರಿ, ನನ್ನ ಎರಡನೇ ಹೆಣ್ತಿ” ಅಂದ ಬಾಲರಾಜು.

“ಮೊದಲನೇಕಿ ಕೇಳ್ಯಾಳ, ಹುಷಾರ್‌ರೀ. ಆಮ್ಯಾಲ ನಿಮ್ಮನ್ನೂ ಇಲ್ಲೇ ರಿಪೇರಿಗೆ ತರಬೇಕಾಗ್ತೈತಿ” ಅಂದಳು ಚಹಾ ಕೊಡುತ್ತಿದ್ದ ಭುವನೇಶ್ವರಿ. ಮೂವರೂ ನಕ್ಕರು. ಎಷ್ಟೋ ವರ್ಷದ ಮೇಲೆ ಗಂಡನ ಮುಖ ಅಷ್ಟು ಬೆಳಗಿದ್ದನ್ನು ಅವಳು ಕಂಡಳು.

ಆ ಎಂಜಿನ್ನಿನಲ್ಲಿ ಮೇಲೆ ಕೆಳಗೆ ಓಡಾಡುವ ಪಿಸ್ಟನ್ ಇಲ್ಲ. ಮೂರು ಮೂಲೆಯ ಎರಡು ರೋಟರುಗಳು ಸುತ್ತು ಹೊಡೆಯುತ್ತವೆ. ಅವು ತಿರುಗುವಾಗಿನ ಓಲಾಟ ತಡೆಯಲು ಶಾಫ್ಟಿನ ಹಿಂದಿನ ತುದಿಗೆ ಅರ್ಧಚಂದ್ರದಂಥ ಕಬ್ಬಿಣದ ತೂಕ ಕೂಡಿಸಬೇಕು. ಉದಯಕುಮಾರ ಇದನ್ನೆಲ್ಲ ಊಟಕ್ಕೆ ಕೂತಾಗ ಜೋಳದ ರೊಟ್ಟಿಯ ತುಣುಕು ತಿರುಗಿಸುತ್ತ ಹೆಂಡತಿಗೆ ಹೇಳುತ್ತಿದ್ದ. ಅವಳು ಅರ್ಧ ತಿಳಿದು, ಅರ್ಧ ತಿಳಿಯದೆ, ಪೂರ್ತಿ ಕೇಳುತ್ತಿದ್ದಳು.

ಎಂಜಿನ್ ಹೆಚ್ಚುಕಡಿಮೆ ಕೂಡಿಯಾಗಿತ್ತು. ಹಿಂದಿನ ತೂಕವೊಂದು ಬಾಕಿ ಇರುವಾಗ ಅವನಿಗೆ ಕಾಮಾಲೆ ಏರಿ ರಾಯಚೂರಿನ ದವಾಖಾನೆಗೆ ಸೇರಿಸಬೇಕಾಯಿತು. ಅಷ್ಟರಲ್ಲಿ ದಸರಾ ಬಂತು. ಶೆಡ್ಡಿನ ಕಬ್ಬಿಣ ಪೂಜೆ ಇಲ್ಲದೆ ಇರಬಾರದೆಂದು ಭುವನೇಶ್ವರಿ ಒಬ್ಬಳೇ ಬಸ್ಸು ಹತ್ತಿ ಬಂದಳು. ಪಾನಾ, ಸುತ್ತಿಗೆ, ಕಟ್ಟೆಯ ಮೇಲಿದ್ದ ಭಾಗಗಳು, ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ಉಜ್ಜಿ, ಬಿಸಿನೀರಲ್ಲಿ ತೊಳೆದು, ಒರೆಸಿ, ಸಾಲಾಗಿ ಇಟ್ಟು ವಿಭೂತಿ ಹಚ್ಚಿದಳು. ಇಷ್ಟು ಶುದ್ಧ ಮಾಡಿದರೆ ಅವನು ಎದ್ದು ಬಂದಾನು ಅನ್ನುವುದು ಅವಳ ಆಸೆ. ಅವನು ಬರಲಿಲ್ಲ.

ಮಣ್ಣಾದ ಮೇಲೆ ಮನೆಯವರನ್ನು ಮಾತಾಡಿಸಲು ಬಂದ ಬಾಲರಾಜು ಕಣ್ಣೊರೆಸಿಕೊಂಡು ಒಂದೇ ಮಾತು ಕೇಳಿದ. “ಪರಮೇಶಣ್ಣ, ನೀವಾದರೂ ಮುಗಿಸಿ ಕೊಡ್ರಿ. ಇದು ಉದಯಣ್ಣ ಕೂಡಿಸಿದ ಎಂಜಿನ್ ಅಂತ ಹೇಳಿಕೋತ ತಿರುಗತೀನಿ.” ಭುವನೇಶ್ವರಿಗೂ ಬೇಕಾಗಿದ್ದದ್ದು ಅಷ್ಟೇ. ಗಂಡನ ಕೈಯ ಕಡೆಯ ಕೆಲಸ ರಸ್ತೆಯ ಮೇಲೆ ಓಡಬೇಕು, ಅವನ ಹೆಸರು ನಿಲ್ಲಬೇಕು.

ಪರಮೇಶ ಕಟ್ಟೆಯ ಮುಂದೆ ನಿಂತು ಎರಡೂ ಎಂಜಿನ್ನಿನ ಅರ್ಧಚಂದ್ರಗಳನ್ನು, ಒಂದು ಭಾರದ್ದು, ಒಂದು ಹಗುರಾದದ್ದು, ತಿರುವಿ ನೋಡಿದ.

“ಅತ್ತಿಗಿ, ಇದರಾಗ ಒಂದಕ್ಕ ಅಣ್ಣ ಸುಣ್ಣದಕಡ್ಡಿಲೆ ಗೀಟು ಎಳದಿದ್ದ. ಹಚ್ಚೋದು ಅದೇ. ಗೀಟು ಎಲ್ಲಿ?”

“ಹಬ್ಬಕ್ಕ ತೊಳದೆ.”

“ಎರಡನ್ನೂ?”

ಅವಳು ಹೌದೆಂದು ತಲೆ ಆಡಿಸಿದಳು. ಬಿಳಿ ಗೀಟನ್ನು ಕಂಡ ನೆನಪಿತ್ತು. ಯಾವುದರ ಮೇಲೆ ಎಂಬುದು ನೆನಪಿರಲಿಲ್ಲ.

“ಶಾರ್ಜಾದಾಗ ಅಣ್ಣನ ಜೋಡಿ ಶೇಖರ್ ಇದ್ದನಲ್ಲ, ಅವಗ ಫೋನ್ ಮಾಡಿ ಕೇಳೋಣೇನು?”

“ಅಲ್ಲಿ ಕುಂತಾವಗ ಇಲ್ಲಿದ್ದದ್ದು ಹೆಂಗ ಕಾಣಬೇಕು? ದೇವ್ರನ್ನ ಕೇಳತೀನಿ.”

ಹೆಣ್ಣು ಕೊಡುವುದಿರಲಿ, ಬಾವಿ ತೋಡುವುದಿರಲಿ, ಆ ಮನೆಯಲ್ಲಿ ಹೂ ಏರಿಸದೆ ಯಾವುದೂ ನಡೆದದ್ದಿಲ್ಲ. ದೇವರ ಜಗುಲಿಯ ವೀರಭದ್ರನ ಎರಡೂ ಭುಜಕ್ಕೆ ಒದ್ದೆ ಕಣಗಿಲೆ ಅಂಟಿಸಿ, ಬಲದ್ದು ಬಿದ್ದರೆ ಭಾರದ್ದು, ಎಡದ್ದು ಬಿದ್ದರೆ ಹಗುರಾದದ್ದು ಎಂದು ಬೇಡಿಕೊಂಡು ಕೂತಳು. ಬಹಳ ಹೊತ್ತಿನ ಮೇಲೆ ಬಲದ ಹೂ ಜಾರಿತು. ಪರಮೇಶನಿಗೂ ಅದೇ ಸರಿ ಕಂಡಿತು. ಪಂಪಿನ ಎಂಜಿನ್ನಿಗೆ ಗಾಲಿ ಭಾರವಾದಷ್ಟೂ ಓಟ ನಯ ಎಂಬುದು ಅವನ ಅನುಭವ. ಭಾರದ್ದನ್ನೇ ಹಚ್ಚಿದ.

ಎಂಜಿನ್ ಹೊತ್ತಿಕೊಂಡಾಗ ಭುವನೇಶ್ವರಿ ಸೆರಗನ್ನು ಬಾಯಿಗೆ ಒತ್ತಿ ಅತ್ತಳು. ಕಾರು ಸ್ವಲ್ಪ ನಡುಗುತ್ತಿತ್ತು. ಓಡುತ್ತ ಓಡುತ್ತ ಸರಿಹೋಗುತ್ತದೆ ಅಂದುಕೊಂಡರು.

ಸರಿಹೋಗಲಿಲ್ಲ. ದಿನ ಕಳೆದಂತೆ ನಡುಕ ಹೆಚ್ಚಿತು. ಬೇಸಿಗೆಯಲ್ಲಿ ಒಂದು ಮಧ್ಯಾಹ್ನ, ಐಜ ಊರು ದಾಟಿ ಕರ್ನೂಲಿನ ದಾರಿಯಲ್ಲಿ ಜೋರಾಗಿ ಓಡಿಸುವಾಗ ಬೇರಿಂಗು ಸವೆದುಹೋಗಿ ಎಂಜಿನ್ ಬಿಗಿದು ನಿಂತಿತು. ಬಾಲರಾಜು ಫೋನಿನಲ್ಲಿ ಸಿಟ್ಟು ಮಾಡಲಿಲ್ಲ. “ಹೋಗಲಿ ಬಿಡ್ರಿ ಅಕ್ಕಾರ. ಕಡೀಗೆ ಉದಯಣ್ಣನ ಕೈ ಸೋತಿತ್ತು ಕಾಣ್ತೈತಿ. ಪಾಪ, ಜಡ್ಡಿನಾಗ ಮಾಡಿದ ಕೆಲಸ” ಅಂದ. ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಆ ಕನಿಕರ ತಡೆಯಲಾಗಲಿಲ್ಲ.

ಎಂಜಿನ್ನು ಮತ್ತೆ ಶೆಡ್ಡಿಗೆ ಬಂದಾಗ ಶೇಖರನಿಗೆ ಫೋನ್ ಹಚ್ಚಿದವಳು ಅವಳೇ.

“ಅದರಾಗೇನು ದೊಡ್ಡದೈತಿ ಅಕ್ಕ?” ಅಂದ ಅವನು. “ಎರಡೂ ಎಂಜಿನ್ನಿನ ರೋಟರ್ ತೂಗಿ ನೋಡ್ರಿ. ಹಗುರ ರೋಟರಿಗೆ ಹಗುರ ತೂಕ, ಭಾರದ್ದಕ್ಕ ಭಾರದ್ದು. ಅದಲುಬದಲಾದರ ನಡುಗಿ ನಡುಗಿ ಬೇರಿಂಗ್ ತಿಂತೈತಿ.”

ಪರಮೇಶ ಹತ್ತಿ ಅಂಗಡಿಯಿಂದ ಕಾಂಟಾ ತಂದು ತೂಗಿದ. ಉದಯಕುಮಾರ ಕೂಡಿಸಿದ್ದ ರೋಟರುಗಳೇ ಹಗುರಾಗಿದ್ದವು. ಅವಕ್ಕೆ ಒಪ್ಪುವ ಹಗುರಾದ ಅರ್ಧಚಂದ್ರ ಇಷ್ಟು ದಿನವೂ ಕಟ್ಟೆಯ ಮೇಲೇ ಇತ್ತು. ಅವನ ಕೈ ಎಲ್ಲೂ ತಪ್ಪಿರಲಿಲ್ಲ.

ವೀರಭದ್ರ ಮೋಸ ಮಾಡಿದನೆಂದು ಭುವನೇಶ್ವರಿಗೆ ಅನ್ನಿಸಲಿಲ್ಲ. ಕಾಂಟಾ ಹೇಳುವ ಮಾತನ್ನು ತಾನು ಹೂವಿನ ಮೇಲೆ ಹೊರಿಸಿದೆನಲ್ಲ ಅನ್ನಿಸಿತು. ಹಗುರಾದ ಅರ್ಧಚಂದ್ರವನ್ನು ಮಡಿಲಿಗೆ ತೆಗೆದುಕೊಂಡು ನೆಲಕ್ಕೆ ಕೂತಳು.

ಪರಮೇಶ ಎದುರಿಗೆ ಬಂದು ಕುಕ್ಕರುಗಾಲಲ್ಲಿ ಕೂತ.

“ಅತ್ತಿಗಿ, ಬಾಲರಾಜುಗ ನಾನ ಹೇಳತೀನಿ. ತೂಕ ನಾನ ತಪ್ಪಿ ಹಚ್ಚಿದೆ ಅಂತ. ಅಣ್ಣನ ಹೆಸರು ಉಳೀತೈತಿ. ನಂದೇನು, ಪಂಪಿನ ಮಿಸ್ತ್ರಿಗೆ ಕಾರು ಯಾಕ ಬೇಕಿತ್ತು ಅಂದು ನಕ್ಕು ಬಿಡ್ತಾರ. ಹೂವಿನ ಸುದ್ದಿ ಊರಿಗೆ ಯಾಕ?”

“ಬ್ಯಾಡಪ್ಪ. ಗೀಟು ತೊಳದಾಕಿ ನಾನು, ಹೂ ಏರಿಸಿದಾಕಿ ನಾನು. ಗದ್ವಾಲಕ್ಕ ಹೋಗಿ ನಾನ ಹೇಳತೀನಿ.”

“ನಗ್ತಾರ, ಅತ್ತಿಗಿ.”

“ನಗಲಿ. ನನ್ನ ನೋಡಿ ನಗಲಿ, ನಿನ್ನ ನೋಡಿ ಯಾಕ?”

ಅವನು ಎದ್ದು ಬೈಕಿನ ಕೀಲಿ ತೆಗೆದ. “ಹಂಗಾರ ಬಸ್ಸಿಗೆ ಯಾಕ ಕಾಯ್ತಿ? ನಾನ ಬಿಟ್ಟು ಬರ್ತೀನಿ ನಡಿ.”

ಅವಳು ಚಪ್ಪಲಿ ಮೆಟ್ಟಿಕೊಂಡಳು.

“ಬರಬ್ಯಾಡ, ಪರಮೇಶ. ನೀ ಪಕ್ಕದಾಗ ನಿಂತರ ನಾ ಬಾಯಿ ತೆಗೆಯೋದರಾಗ ನೀನ ಹೇಳಿಬಿಡ್ತಿ.”