ಬಚ್ಚಲಮನೆಯ ಹೊಗೆ

ಮಗಳನ್ನು ಕರೆದುಕೊಂಡು ಬರಲು ಹೈಸ್ಕೂಲಿನ ಮುಂದೆ ಕಾರುಗಳ ಸಾಲಿನಲ್ಲಿ ಕೂತಿದ್ದೆ. ರೇಡಿಯೊದಲ್ಲಿ ‘ಡೋಡಾಮಾ’ ಎಂಬ ಸದ್ದು ಕೇಳಿಸಿತು. ಯಾವುದೋ ಊರಿನ ಹೆಸರಿರಬೇಕು ಅಂದುಕೊಂಡೆ. ಇನ್ನೊಮ್ಮೆ ಕೇಳಿಸಿದಾಗ ದನಿಯ ಗುರುತು ಹತ್ತಿತು. ಅದು ನನ್ನ ಚಿಕ್ಕಮ್ಮನ ಮಗಳು ವಿನುತಾಳ ದನಿ. ಅವಳು ಹೇಳುತ್ತಿದ್ದದ್ದು ‘ದೊಡ್ಡಮ್ಮ’ ಎಂದು, ಆ ದೊಡ್ಡಮ್ಮ ನನ್ನ ಅಮ್ಮ. ಐದನೆಯ ವಯಸ್ಸಿಗೇ ತಾಯಿಯನ್ನು ಕಳೆದುಕೊಂಡು ನಮ್ಮ ಮನೆಗೆ ಬಂದು, ಪಿಯುಸಿ ಮುಗಿಯುವವರೆಗೂ ಬೆಳಗಾದರೆ ದೊಡ್ಡಮ್ಮಾ, ಕತ್ತಲಾದರೆ ದೊಡ್ಡಮ್ಮಾ ಎಂದು ಕೂಗುತ್ತಿದ್ದವಳು ಈಗ ಆ ಹೆಸರನ್ನು ಅಮೆರಿಕದವರ ಬಾಯಿಗೆ ಹೊಂದುವಂತೆ ಸವರಿ ಕೊಡುತ್ತಿದ್ದಳು. ನನ್ನ ಮೈಯೆಲ್ಲ ಉರಿದುಹೋಯಿತು. ವಿನು ಇಂಗ್ಲಿಷಿನ ಹೆಸರಾಂತ ಕಾದಂಬರಿಗಾರ್ತಿ, ಪ್ರಬಂಧಕಾರ್ತಿ. ಅವಳಿಗೆ ಕನ್ನಡ ಓದಲು ಈಗ ಪುರುಸೊತ್ತಿಲ್ಲ. ಹಾಗಾಗಿ ನಿಶ್ಚಿಂತೆಯಿಂದ ಬರೆಯುತ್ತೇನೆ.

ಮೈಸೂರಿನ ಸರಸ್ವತಿಪುರದಲ್ಲಿ ನಮ್ಮದು ಬಾಡಿಗೆ ಮನೆ. ಅಪ್ಪ ಬ್ಯಾಂಕಿನ ಗುಮಾಸ್ತ. ಆ ಮನೆಯಲ್ಲಿ ನನಗೆ ಎಲ್ಲಕ್ಕಿಂತ ನೆನಪಾಗುವುದು ಬಚ್ಚಲಮನೆ. ನಿಮ್ಮ ಬಾಲ್ಯದ ಮನೆಯಲ್ಲೂ ಅಂಥದೊಂದು ಕತ್ತಲೆಯ, ಬೆಚ್ಚಗಿನ ಮೂಲೆ ಇದ್ದಿರಬಹುದು. ಮಸಿ ಹಿಡಿದ ಗೋಡೆ, ತಾಮ್ರದ ಹಂಡೆ, ಅದರ ಕೆಳಗೆ ಚಟಪಟ ಎನ್ನುತ್ತ ಉರಿಯುವ ತೆಂಗಿನ ಚಿಪ್ಪು, ಸೀಗೆಪುಡಿಯ ವಾಸನೆ. ಚಳಿಗಾಲದ ಬೆಳಿಗ್ಗೆ ನಾನೂ ವಿನುವೂ ಒಂದೇ ಮಣೆಯ ಮೇಲೆ ಒತ್ತಿಕೊಂಡು ಕೂತು, ಒಲೆಯ ಬೆಳಕಿನಲ್ಲೇ ಪಾಠ ಒಪ್ಪಿಸಿಕೊಳ್ಳುತ್ತಿದ್ದೆವು. ಅಮ್ಮ ನಮ್ಮಿಬ್ಬರ ಬೆನ್ನಿಗೂ ಒಂದೇ ಹದದ ಬಿಸಿನೀರು ಹೊಯ್ಯುತ್ತಿದ್ದಳು, ಒಂದೇ ಹರಿದ ಸೀರೆಯ ತುಂಡಿನಲ್ಲಿ ಇಬ್ಬರ ತಲೆಯನ್ನೂ ಒರೆಸುತ್ತಿದ್ದಳು. ಅಮ್ಮನ ಸೆರಗಿಗೆ ಸದಾ ಹೊಗೆಯ ಮತ್ತು ಒಗ್ಗರಣೆಯ ವಾಸನೆ. ಈಗ ಆ ಮನೆಯಿದ್ದ ಜಾಗದಲ್ಲಿ ಕಲ್ಯಾಣಮಂಟಪಕ್ಕೆ ಬರುವವರು ಕಾರು ನಿಲ್ಲಿಸುತ್ತಾರೆ.

ವಿನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಇಂಗ್ಲಿಷ್ ಪ್ರಬಂಧ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಪಡೆದಳು. ನಾನೂ ಬರೆದಿದ್ದೆ, ನನಗೇನೂ ಬರಲಿಲ್ಲ. ಪೇಪರಿನಲ್ಲಿ ಅವಳ ಫೋಟೊ ಬಂತು. ಬೀದಿಯ ಹೆಂಗಸರೆಲ್ಲ ಬಂದು ಅವಳ ಗಲ್ಲ ಹಿಡಿದು ಹೊಗಳಿ ಹೋದರು. ಸಂಜೆ ದೀಪ ಹಚ್ಚುವ ಹೊತ್ತಿಗೆ ಅವಳಿಗೆ ಮೈ ಕೆಂಡವಾಗಿ, ಕುಡಿದ ಹಾಲೆಲ್ಲ ವಾಂತಿಯಾಯಿತು. ಅಮ್ಮ ನಮ್ಮಿಬ್ಬರನ್ನೂ ಬಚ್ಚಲಮನೆಗೆ ಕರೆದು, ಒಟ್ಟಿಗೆ ಮಣೆಯ ಮೇಲೆ ಕೂರಿಸಿ, ಗಾಳಿ ಬಾರದಂತೆ ಬಾಗಿಲು ಹಾಕಿದಳು. ಒಣಮೆಣಸಿನಕಾಯಿ, ಉಪ್ಪು, ಸಾಸಿವೆಯನ್ನು ಮುಷ್ಟಿಯಲ್ಲಿ ಹಿಡಿದು, “ಆ ಕಣ್ಣು ಈ ಕಣ್ಣು, ನಾಯಿ ಕಣ್ಣು ನರಿ ಕಣ್ಣು” ಎಂದು ಗುನುಗುತ್ತ ನಮ್ಮ ತಲೆಗಳ ಸುತ್ತ ನಿವಾಳಿಸಿ ಹಂಡೆಯ ಒಲೆಗೆ ಎಸೆದಳು. ನಾವು ಕೆಮ್ಮಲು ತಯಾರಾಗಿ ಮೂಗು ಮುಚ್ಚಿಕೊಂಡಿದ್ದೆವು. ಆದರೆ ಘಾಟು ಬರಲೇ ಇಲ್ಲ. “ನೋಡ್ರೇ, ಚೂರೂ ಘಾಟಿಲ್ಲ! ಬೀದಿ ಕಣ್ಣೆಲ್ಲ ಈ ಕೂಸಿನ ಮೇಲೇ ಇತ್ತು” ಎಂದು ಅಮ್ಮ ವಿನುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಆಮೇಲೆ ಪ್ರತಿ ಪರೀಕ್ಷೆಗೂ ಮೊದಲು ವಿನುವೇ ಡಬ್ಬದಿಂದ ಮೆಣಸಿನಕಾಯಿ ತಂದು ಅಮ್ಮನ ಮುಂದೆ ಕೈಚಾಚಿ ನಿಲ್ಲುತ್ತಿದ್ದಳು.

ಓದಲೆಂದು ಅಮೆರಿಕಕ್ಕೆ ಬಂದ ವಿನು ಮೇರಿಲ್ಯಾಂಡಿನ ಎಲಿಕಾಟ್ ಸಿಟಿಯಲ್ಲಿ ಮನೆ ಮಾಡಿ, ಕಾಲೇಜಿನಲ್ಲಿ ಬರವಣಿಗೆ ಕಲಿಸತೊಡಗಿದಳು. ಎರಡು ಕಾದಂಬರಿ ಬರೆದಳು. ಅವನ್ನು ಯಾರೂ ಮೂಸಿಯೂ ನೋಡಲಿಲ್ಲ. ಕೊರೊನಾದ ಎರಡನೇ ಅಲೆಯಲ್ಲಿ ಅಮ್ಮ ಮೈಸೂರಿನ ಆಸ್ಪತ್ರೆಯಲ್ಲಿ ತೀರಿಕೊಂಡಳು. ನಾನು ಅಟ್ಲಾಂಟಾ ಹತ್ತಿರದ ಕಮ್ಮಿಂಗ್‌ನಲ್ಲಿ, ಅವಳು ಅಲ್ಲಿ, ಇಬ್ಬರೂ ಫೋನಿನ ಪರದೆಯಲ್ಲೇ ಅಮ್ಮನನ್ನು ಕಳಿಸಿಕೊಟ್ಟೆವು. ವಿನು ನನಗಿಂತ ಜೋರಾಗಿ ಅತ್ತಳು. ಅದೇ ವರ್ಷ ಅವಳ ಪ್ರಬಂಧ ಅಚ್ಚಾಯಿತು. ಸ್ವಂತ ಮಗಳಿಗೆ ಸಿಗದ ಬಹುಮಾನ ತಬ್ಬಲಿಗೆ ಸಿಕ್ಕಿತೆಂಬ ಹೊಟ್ಟೆಕಿಚ್ಚಿಗೆ ದೊಡ್ಡಮ್ಮ ತನ್ನನ್ನು ಬಚ್ಚಲಲ್ಲಿ ಕೂಡಿಹಾಕಿ ಮೆಣಸಿನಕಾಯಿಯ ಹೊಗೆ ಕುಡಿಸಿದಳು ಎಂದು ಅದರಲ್ಲಿತ್ತು. ಆಹಾ, ಎಂಥ ಮೆಚ್ಚುಗೆ! ಪ್ರಶಸ್ತಿ ಬಂತು, ಪುಸ್ತಕವಾಯಿತು, ಹಳೆಯ ಕಾದಂಬರಿಗಳಿಗೂ ಹೊಸ ಮುಖಪುಟ ಬಂತು. ಅಮ್ಮ ಉಸಿರಾಡುತ್ತಿದ್ದಾಗ ಒಂದಕ್ಷರ ಬರೆಯಲಿಲ್ಲ, ಅಷ್ಟು ಜಾಣತನ ಅವಳಿಗಿತ್ತು.

ನನಗೆ ಅದೆಲ್ಲ ಗೊತ್ತಾದದ್ದು ರೇಡಿಯೊ ಕೇಳಿದ ಆ ದಿನವೇ. ಮಗಳು ನಿಧಿ ಕಾರು ಹತ್ತಿದವಳೇ ಇಂಗ್ಲಿಷ್ ಕ್ಲಾಸಿನಲ್ಲಿ ಓದಲು ಕೊಟ್ಟ ವಿನುವಿನ ಪ್ರಬಂಧದ ಹಾಳೆಗಳನ್ನು ತೆಗೆದು, “ಅಮ್ಮಾ, ಇದು ನಮ್ಮ ಅಜ್ಜೀನಾ? ಅಜ್ಜಿ ರಿಯಲಿ ಹೀಗೆ ಮಾಡಿದ್ರಾ?” ಎಂದಳು. ಅಜ್ಜಿಯನ್ನು ಅವಳು ನೋಡಿದ್ದೇ ಎರಡು ಬೇಸಿಗೆ ರಜೆಯಲ್ಲಿ. ಇಲ್ಲ ಎಂದೆ. ಅವಳು ನಂಬಿದಂತೆ ಕಾಣಲಿಲ್ಲ. ಅಚ್ಚಾದ ಇಂಗ್ಲಿಷಿನ ಮುಂದೆ ನನ್ನ ಮಾತು ಎಷ್ಟರದು! ವಿನುವಿಗೆ ಫೋನು ಮಾಡಿ ಕೂಗಾಡಿದೆ. “ಅಕ್ಕಾ, ಅದು ಎಮೋಷನಲ್ ಟ್ರೂತ್. ನಿಂಗೆ ಅರ್ಥ ಆಗಲ್ಲ ಬಿಡು” ಎಂದಳು. ಸುಳ್ಳಿಗೂ ಈ ಬರೆಯುವವರು ಎಂಥ ಒಳ್ಳೆಯ ಬಟ್ಟೆ ತೊಡಿಸುತ್ತಾರೆ! ಆವತ್ತೇ ನಿಶ್ಚಯಿಸಿದೆ, ಇವಳ ಬಾಯಿಂದಲೇ, ನನ್ನ ಮಗಳ ಎದುರಿಗೇ ನಿಜ ಹೇಳಿಸಬೇಕು ಎಂದು.

ಕಳೆದ ವರ್ಷ ಅಟ್ಲಾಂಟಾದಲ್ಲಿ ತನ್ನ ಪುಸ್ತಕವನ್ನು ಜನರ ಮುಂದೆ ಓದಲು ಬಂದ ವಿನು, ಏನೂ ಆಗಿಲ್ಲವೆಂಬಂತೆ ನಮ್ಮ ಮನೆಯಲ್ಲೇ ಇಳಿದುಕೊಂಡಳು. ಜೊತೆಗೆ ತಡವಾಗಿ ಹುಟ್ಟಿದ ಪುಟ್ಟ ಮಗ. ಓದು ಕೇಳಲು ಪಕ್ಕದ ಜಾನ್ಸ್ ಕ್ರೀಕ್‌ನಿಂದ ಬಂದಿದ್ದ ಆಂಟಿಯರೆಲ್ಲ ಅವನನ್ನು ಕೈಯಿಂದ ಕೈಗೆ ದಾಟಿಸಿ ಮುದ್ದಾಡಿದ್ದರು. ಮಾರನೆಯ ಮಧ್ಯಾಹ್ನ ಮಗು ಹಾಲು ಮುಟ್ಟದೆ ಒಂದೇ ಸಮನೆ ರಚ್ಚೆ ಹಿಡಿಯಿತು. ಡಾಕ್ಟರಿಗೆ ಫೋನು ಮಾಡಿದ್ದಾಯಿತು, ಔಷಧ ಕೊಟ್ಟದ್ದಾಯಿತು. ಕೊನೆಗೆ ವಿನು ಅಡುಗೆಮನೆಗೆ ಬಂದು, “ಅಕ್ಕಾ, ದೃಷ್ಟಿ ಆಗಿದೆ ಅನ್ಸುತ್ತೆ. ಸ್ವಲ್ಪ ತೆಗೀತೀಯಾ? ನಂಗೆ ಮಾಡಕ್ಕೆ ಬರಲ್ಲ” ಎಂದಳು. ನಾನು ನಿಧಿಯನ್ನು ಮಹಡಿಯಿಂದ ಕರೆದೆ.

“ಮೊದಲು ಇವಳಿಗೆ ಹೇಳು. ಆವತ್ತು ಬಚ್ಚಲಮನೇಲಿ ಅಮ್ಮ ಏನು ಮಾಡಿದ್ರು?”

ವಿನು ನನ್ನನ್ನೇ ನೋಡಿದಳು. ಮಗು ಅಳುತ್ತಲೇ ಇತ್ತು.

“ದೃಷ್ಟಿ ತೆಗೆದ್ರು” ಎಂದಳು.

“ಯಾಕೆ?”

“ನಂಗೆ ಪ್ರೈಜ್ ಬಂದಿತ್ತಲ್ಲ, ಎಲ್ಲರ ಕಣ್ಣು ಬಿತ್ತು ಅಂತ.”

“ಮೆಣಸಿನಕಾಯಿ ಘಾಟು?”

“ಬರ್ಲಿಲ್ಲ.”

“ದೆನ್ ವೈ ವುಡ್ ಯು ರೈಟ್ ದ್ಯಾಟ್, ಚಿಕ್ಕಮ್ಮಾ?” ಎಂದಳು ನಿಧಿ. ಮಾತನ್ನೇ ಕಸುಬು ಮಾಡಿಕೊಂಡವಳು ಮುಖ ತಿರುಗಿಸಿ ಮಗುವಿನ ಬೆನ್ನು ತಟ್ಟತೊಡಗಿದಳು. ನನಗೆ ತುಂಬ ಹಿತವಾಯಿತು, ಮುಚ್ಚಿಡುವುದೇಕೆ?

ಮಗುವಿನದೇನು ತಪ್ಪು? ಮನೆಯೊಳಗೆ ಹೊಗೆಯಾದರೆ ಅಲಾರಂ ಬಡಿದುಕೊಳ್ಳುತ್ತದೆಂದು ಮನೆ ಹಿಂದಿನ ಮರದ ಡೆಕ್ ಮೇಲಿನ ಗ್ರಿಲ್ ಒಲೆ ಹೊತ್ತಿಸಿದೆ. ವಿನು ಮಗನನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಅಮ್ಮ ಹೇಳುತ್ತಿದ್ದ ಮಾತುಗಳನ್ನೇ ಹೇಳುತ್ತ ಮಗುವಿಗೆ ನಿವಾಳಿಸಿದೆ. ಅದು ಮುಗಿಯುವಷ್ಟರಲ್ಲಿ ವಿನು, ಹಳೆಯ ರೂಢಿಯಂತೆ, ತಾನೂ ತಲೆ ಬಗ್ಗಿಸಿದಳು. ಬೈತಲೆಯಲ್ಲಿ ನರೆ ಕಂಡಿತು. ನಾನು ಕೈ ಹಿಂದಕ್ಕೆಳೆದುಕೊಂಡೆ.

“ಮಗೂಗೆ ಅಷ್ಟೆ” ಎಂದೆ.

ಮುಷ್ಟಿಯಲ್ಲಿದ್ದುದನ್ನು ಬೆಂಕಿಗೆ ಹಾಕಿದೆ. ವಿನು ತಲೆ ಎತ್ತಲಿಲ್ಲ. ನನಗೆ ಮರುಕ ಬರಲಿಲ್ಲ, ಇವತ್ತಿಗೂ ಬಂದಿಲ್ಲ. ನಮ್ಮಿಬ್ಬರಿಗೂ ಒಟ್ಟಿಗೆ ದೃಷ್ಟಿ ತೆಗೆಯುತ್ತಿದ್ದವಳು ಅಮ್ಮ ಒಬ್ಬಳೇ. ಈಗ ನನಗೂ ತೆಗೆಯುವವರು ಯಾರೂ ಇಲ್ಲ.