ಮೀಟರಿಗೆ ಆಷಾಢವಿಲ್ಲ

ಲಂಡನ್ನಿನ ಅಂಚಿನ ಫೆಲ್ಥಮ್ಮಿನಲ್ಲಿ ನಮ್ಮ ಮೊದಲ ಮನೆಯ ಕೀಲಿ ಕೈಗೆ ಬಂದದ್ದು ಆಷಾಢ ಹಿಡಿದ ಮರುದಿನ. ಅದಕ್ಕೂ ಮೊದಲು ವರ್ಷಗಟ್ಟಲೆ ನಾನೂ ನನ್ನ ಗಂಡನೂ ಒಬ್ಬರ ಮನೆಯ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದೆವು. ಅಲ್ಲಿ ಕರೆಂಟು, ಗ್ಯಾಸು ಎಲ್ಲ ಮಾಲೀಕರ ತಲೆನೋವು. ಸ್ವಿಚ್ಚು ಒತ್ತಿದರೆ ದೀಪ ಹತ್ತುತ್ತಿತ್ತು. ಅದರ ಹಿಂದೆ ಯಾರದೋ ಹೆಸರಿನಲ್ಲಿ ಒಂದು ಖಾತೆ ಇರುತ್ತದೆ ಎಂಬ ಯೋಚನೆ ನನಗೆ ಒಂದು ದಿನವೂ ಬಂದಿರಲಿಲ್ಲ.

ಕೀಲಿ ಕೊಟ್ಟ ಏಜೆಂಟ್ ಹುಡುಗಿ ಬಿಡಿಸಿ ಬಿಡಿಸಿ ಹೇಳಿದ್ದಳು: ಮೀಟರುಗಳು ಮೆಟ್ಟಿಲ ಕೆಳಗಿನ ಗೂಡಿನಲ್ಲಿವೆ, ಇವತ್ತೇ ಹೋಗಿ ನೋಡಿ, ಕಂಪನಿಗೆ ಫೋನ್ ಮಾಡಿ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ನಾನು ದೊಡ್ಡದಾಗಿ ತಲೆಯಾಡಿಸಿದೆ. ಹೊರಗೆ ಬಂದ ಮೇಲೆ ಇವರಿಗೆ ಹೇಳಿದೆ, "ಈಗ ಆಷಾಢ ಅದರಿ. ಶ್ರಾವಣ ಬರೂತನಕಾ ಆ ಮನಿ ಹೊಸ್ತಿಲಾ ತುಳಿಯೂದು ಬ್ಯಾಡ."

"ಮೀಟರ್ ಒಂದ್ ನೋಡಿ ಬರ್ತೀನಲ್ಲ," ಎಂದರು ಇವರು.

"ಬ್ಯಾಡ ಅಂದ್ರ ಬ್ಯಾಡ."

ಆಗ ನಮ್ಮತ್ತೆ ಧಾರವಾಡದಿಂದ ಬಂದು ನಮ್ಮ ಜೊತೆಗೇ ಇದ್ದರು. ಮಗನ ಸ್ವಂತ ಮನೆಯಲ್ಲಿ ಹಾಲು ಉಕ್ಕುವುದನ್ನು ಕಣ್ಣಾರೆ ಕಂಡು ಊರಿಗೆ ಹೋಗಬೇಕು ಎಂಬುದೊಂದೇ ಅವರ ಆಸೆ. ನಿಜ ಹೇಳಬೇಕೆಂದರೆ ಅವರಿಗೆ ನನ್ನಷ್ಟು ಮಡಿ ಇರಲಿಲ್ಲ. "ಹೋಗಿ ಕಸಾ ಹೊಡದು, ಒಲಿ ಹತ್ತತದೋ ಇಲ್ಲೋ ನೋಡಿ ಬಂದ್ರ ಏನೂ ಆಗೂದಿಲ್ಲವಾ. ಹಾಲು ಶ್ರಾವಣದಾಗ ಉಕ್ಕಿಸಿದ್ರಾತು," ಅಂದರು. ಸೊಸೆಯನ್ನು ಪರೀಕ್ಷೆ ಮಾಡುತ್ತಿದ್ದಾರೆ ಎಂದೇ ನಾನು ತಿಳಿದೆ. "ಲಂಡನ್ನಿಗೆ ಬಂದೀವಂತ ಎಲ್ಲಾ ಬಿಡಲಿಕ್ಕೆ ಬರ್ತದೇನ್ರಿ ಅತ್ಯಾ?" ಎಂದೆ. ಆಷಾಢ ಮುಗಿಯುವವರೆಗೆ ಕಂಡ ಕಂಡ ಕನ್ನಡದವರಿಗೆಲ್ಲ ಇದನ್ನೇ ಹೇಳಿದೆ. ಬೆಂಗಳೂರಿನಿಂದ ಬಂದು ಕ್ಯಾನರಿ ವಾರ್ಫಿನಲ್ಲಿ ಕೆಲಸ ಮಾಡುತ್ತಿದ್ದ ಗೆಳತಿಯೊಬ್ಬಳು "ನಾವೆಲ್ಲ ಕೀ ಸಿಕ್ಕಿದ ವೀಕೆಂಡೇ ಶಿಫ್ಟ್ ಆಗ್ಬಿಟ್ವಿ ಕಣೇ," ಎಂದಾಗ ನಾನು ನಕ್ಕ ನಗೆ ನನಗೆ ಈಗಲೂ ನೆನಪಿದೆ. ಅದು ಒಳ್ಳೆಯ ನಗೆಯಾಗಿರಲಿಲ್ಲ.

ಶ್ರಾವಣ ಬಂತು. ಮುಹೂರ್ತ ಬೆಳಗಿನ ಹೊತ್ತು, ಹನ್ನೊಂದರೊಳಗೆ ಹಾಲು ಉಕ್ಕಬೇಕು. ಅಡುಗೆಯನ್ನೆಲ್ಲ ಬಾಡಿಗೆ ಕೋಣೆಯಿಂದಲೇ ಮಾಡಿಕೊಂಡು ಹೋಗಿದ್ದೆವು. ಕರೆದವರೆಲ್ಲ ಬಂದಿದ್ದರು. ಹೊಸ್ತಿಲ ಪೂಜೆಯಾಯಿತು, ಬಲಗಾಲಿಟ್ಟು ಒಳಗೆ ಬಂದೆವು. ಹೊಸ ಪಾತ್ರೆಗೆ ಅರಿಷಿಣ ಕುಂಕುಮ ಹಚ್ಚಿ, ಹಾಲು ಸುರಿದು, ಗ್ಯಾಸ್ ಒಲೆಯ ಮೇಲಿಟ್ಟು ಕಡ್ಡಿ ಗೀರಿದೆ. ನೀಲಿ ಉರಿ ಭಗ್ಗನೆ ಎದ್ದಿತು. ಅತ್ತೆ ಕೈಮುಗಿದರು. ಅವರು ಕೈ ಇಳಿಸುವುದರೊಳಗೆ ಉರಿ ಕುಗ್ಗಿ ಕುಗ್ಗಿ ಆರಿಹೋಯಿತು. ಇನ್ನೊಂದು ಕಡ್ಡಿ ಗೀರಿದೆ, ಮತ್ತೊಂದು ಗೀರಿದೆ, ಉರಿ ಏಳಲಿಲ್ಲ.

ಇವರು ಮೆಟ್ಟಿಲ ಕೆಳಗೆ ತಲೆ ತೂರಿಸಿ ನೋಡಿದರು. ಗ್ಯಾಸಿನದು ಮೊದಲೇ ದುಡ್ಡು ತುಂಬಬೇಕಾದ ಕಾರ್ಡ್ ಮೀಟರು. ಹಳೆಯವರು ಬಿಟ್ಟುಹೋದ ಪುಡಿಗಾಸನ್ನು ದಿನದ ಬಾಡಿಗೆಯೆಂದು ಅದು ಇಷ್ಟಿಷ್ಟೇ ತಿಂದು ಮುಗಿಸಿ, ಗ್ಯಾಸು ಬಂದ್ ಮಾಡಿ ಕೂತಿತ್ತು. ಮೊದಲು ಹತ್ತಿದ್ದು ಕೊಳವೆಯಲ್ಲಿ ಉಳಿದಿದ್ದ ಚೂರು ಗ್ಯಾಸು ಮಾತ್ರ. ಕಾರ್ಡು ಹಳೆಯವರ ಹತ್ತಿರವೇ ಉಳಿದಿತ್ತು. ಆಷಾಢ ನಮಗಿತ್ತು, ಮೀಟರಿಗೆ ಇರಲಿಲ್ಲ.

ಆಗಿನ್ನೂ ನಮ್ಮಲ್ಲಿ ಮೊಬೈಲಿರಲಿಲ್ಲ; ಗ್ಯಾಸ್ ಕಂಪನಿಗೆ ಫೋನ್ ಮಾಡಲು ಯಾರೋ ತಮ್ಮದನ್ನು ಕೊಟ್ಟರು. ಇಂಗ್ಲಿಷಿನಲ್ಲಿ ನಾನೇ ಚುರುಕೆಂದು ನನ್ನ ಕೈಗೇ ಬಂತು. ಅತ್ತ ಕಡೆಯ ಹೆಂಗಸು ಬಲು ಸೌಮ್ಯ. ಹೆಸರು ಕೇಳಿದಳು, ವಿಳಾಸ ಕೇಳಿದಳು, ಮನೆ ಯಾವತ್ತಿನಿಂದ ನಿಮ್ಮದು ಎಂದು ಕೇಳಿದಳು. ಹೇಳಿದೆ. ಆ ದಿನದ ಮೀಟರ್ ರೀಡಿಂಗ್ ಕೇಳಿದಳು. ಇಲ್ಲ ಎಂದೆ.

"ಆಗಿನಿಂದ ಮನೆಯಲ್ಲಿ ಯಾರೂ ಇರಲಿಲ್ಲವೇ? ಯಾಕೆ?"

ಕೋಣೆ ತುಂಬ ಜನ. ಎಲ್ಲರ ಕಣ್ಣೂ ನನ್ನ ಮೇಲೆ. ಇದ್ದದ್ದು ಆಷಾಢವೆಂಬ ಒಂದೇ ಕಾರಣ, ಅದನ್ನೇ ಊರೆಲ್ಲ ಸಾರಿಕೊಂಡು ಬಂದವಳು ನಾನು. ಅದನ್ನು ಇಂಗ್ಲಿಷಿನಲ್ಲಿ ಆ ಅಪರಿಚಿತ ಹೆಂಗಸಿಗೆ ಹೇಳಬೇಕೆಂದಾಗ ನಾಲಿಗೆ ಏಳಲಿಲ್ಲ. ಅವಳು ನಕ್ಕುಬಿಟ್ಟರೆ ಎನ್ನಿಸಿತು.

"ವಿ ವರ್ ಆನ್ ಹಾಲಿಡೇ," ಎಂದೆ.

"ಓ ಲವ್ಲಿ! ಎಲ್ಲಿಗೆ ಹೋಗಿದ್ದಿರಿ?"

"ಸ್ಪೇನ್," ಎಂದೆ.

ಯಾರೋ ಕೆಮ್ಮಿದರು. ಬೆಂಗಳೂರಿನ ಗೆಳತಿ ಕಿಟಕಿಯ ಕಡೆ ತಿರುಗಿಕೊಂಡಳು. ಅವಳು ನಕ್ಕಿದ್ದರೂ ಆಗುತ್ತಿತ್ತು. ನನ್ನ ಕಿವಿ ಸುಡುತ್ತಿತ್ತು. ಹೊಸ ಕಾರ್ಡು ಸಿಗುವುದು ನಾಳೆಯೇ ಎಂದು ಆ ಹೆಂಗಸು ಹೇಳಿದ್ದು ಅರ್ಧ ಮಾತ್ರ ಕೇಳಿಸಿತು. ಅತ್ತೆಗೆ ಇಂಗ್ಲಿಷ್ ಬಾರದು, ಆದರೆ ಹಾಲಿಡೇ ಎಂಬ ಮಾತು ಧಾರವಾಡದಲ್ಲಿ ಯಾರಿಗೆ ಗೊತ್ತಿಲ್ಲ? ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಭೂಮಿ ಬಾಯ್ಬಿಟ್ಟರೆ ಇಳಿದುಹೋಗುತ್ತಿದ್ದೆ.

ಹನ್ನೊಂದು ಸಮೀಪಿಸಿತು. ಒಬ್ಬರು ಮೈಕ್ರೋವೇವ್ ತರುತ್ತೇನೆಂದರು. "ಅದರಾಗ ಬೆಂಕಿ ಎಲ್ಲದನೋ?" ಎಂದರು ಅತ್ತೆ. ಇನ್ನೊಬ್ಬರು ಪಕ್ಕದ ಮನೆಯವರನ್ನು ಕೇಳೋಣವೆಂದರು. "ಮಂದಿ ಒಲಿ ಮ್ಯಾಲೆ ಉಕ್ಕಿದ್ರ ಅದು ಮಂದಿ ಮನಿ ಹಾಲು," ಎಂದು ಅತ್ತೆ ಅದನ್ನೂ ತಳ್ಳಿಹಾಕಿದರು. ಆಮೇಲೆ ತಾವೇ ದೇವರ ಮುಂದಿನ ಎರಡೂ ದೀಪಗಳನ್ನು ಒಲೆಯ ಕಟ್ಟೆಗೆ ತಂದು ಜೋಡಿಸಿ, ಬತ್ತಿ ದಪ್ಪ ಮಾಡಿ ತುಪ್ಪ ಸುರಿದರು. ಕುಂಕುಮದ ಬೆಳ್ಳಿ ಬಟ್ಟಲನ್ನು ತೊಳೆದು, ಅದರಲ್ಲಿ ಎರಡು ಚಮಚ ಹಾಲು ಹಾಕಿ, ಇಕ್ಕಳದಿಂದ ಉರಿಯ ಮೇಲೆ ಹಿಡಿದು ನಿಂತರು. ಇಕ್ಕಳ ಯಾರಿಗೂ ಕೊಡಲಿಲ್ಲ. ಬಟ್ಟಲಿನ ತಳ ಕರ್ರಗಾಯಿತು. ಬಹಳ ಹೊತ್ತಾದ ಮೇಲೆ ಹಾಲು ಅಂಚಿಗೆ ಬಂದು, ಒಂದು ಬದಿಯಿಂದ ತುಳುಕಿ ಚುಂಯ್ ಎಂದಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ತಲೆ ಮಾತ್ರ ಎತ್ತಲಾಗಲಿಲ್ಲ.

ಉಂಡು ಎಲ್ಲರೂ ಹೋದ ಮೇಲೆ ಅತ್ತೆ ಊರಿಗೆ ಫೋನ್ ಮಾಡಬೇಕೆಂದರು. ಮನೆಗೆ ಫೋನೂ ಬಂದಿರಲಿಲ್ಲ. ರಸ್ತೆಯ ತಿರುವಿನಲ್ಲಿದ್ದ ಫೋನ್ ಬಾಕ್ಸಿಗೆ ಕರೆದುಕೊಂಡು ಹೋಗಿ, ನಂಬರು ಒತ್ತಿಕೊಟ್ಟು, ಬಾಗಿಲಿಗೆ ಕಾಲು ಕೊಟ್ಟು ನಿಂತೆ. ಇನ್ನು ಧಾರವಾಡಕ್ಕೆಲ್ಲ ಗೊತ್ತಾಗುತ್ತದೆ, ಆಗಲಿ, ನನಗೆ ಆಗಬೇಕಾದದ್ದೇ ಎಂದುಕೊಂಡೆ. ಅತ್ತ ಕಡೆ ಅವರ ತಂಗಿ.

"ಹೂಂ ಉಕ್ಕಿತವಾ, ಭಾಳ ಛಲೋ ಉಕ್ಕಿತು," ಎಂದರು ಅತ್ತೆ. "ಗ್ಯಾಸಿನ ಮ್ಯಾಲೆನ. ಪಾತೇಲಿ ತುಂಬ ಹಾಲು, ಒಲಿ ತುಂಬ ಚೆಲ್ಲಿತು ನೋಡು." ಆ ಕಡೆಯಿಂದ ಏನೋ ಕೇಳಿದರು. ಅತ್ತೆ ಗಾಜಿನ ಆಚೆ ರಸ್ತೆಯನ್ನು ನೋಡುತ್ತ, ನನ್ನ ಕಡೆ ತಿರುಗದೆ ಹೇಳಿದರು: "ನಮ್ಮ ಸೊಸಿನ ಮಾಡಿದಳು ಎಲ್ಲಾ. ಒಂದಕ್ಕೂ ಕಡಿಮಿ ಇದ್ದಿದ್ದಿಲ್ಲ."